ಸೋಡಾ ಬಾಟಲಿಯ ಕತ್ತಿನಲ್ಲಿ

ಯಲಹಂಕದ ವಾಯುನೆಲೆಯ ಬೇಲಿಗೆ ಆತುಕೊಂಡು
ಖಲಂದರನ ತಳ್ಳುಗಾಡಿ.
ಫೆಬ್ರುವರಿ, ಬೆಳಗಿನ ಎಂಟು.
ಬಿಸಿಲು ಇನ್ನೂ ಹುಲ್ಲಿನ ಇಬ್ಬನಿಯ ಲೆಕ್ಕ ಮುಗಿಸಿಲ್ಲ.
ಪ್ರದರ್ಶನಕ್ಕೆ ಮೂರು ದಿನ ಇದೆ, ಇವತ್ತು ಬರೀ ತಾಲೀಮು;
ಟಿಕೆಟ್ಟಿಲ್ಲದ ನಮಗೆ ಇದೇ ಪ್ರದರ್ಶನ.

ಮೊದಲು ಬಂದದ್ದು ವಿಮಾನ.
ಗಕ್ಕನೆ ಹೊರಳಿ ಮೂತಿ ಎತ್ತಿದಾಗ
ರೆಕ್ಕೆಯ ಬೆನ್ನ ಮೇಲೆ ಹತ್ತಿ ಹಿಂಜಿದಂತೆ ಬಿಳಿ,
ಎರಡೇ ಕ್ಷಣ. ನೆಟ್ಟಗಾದದ್ದೇ ತಡ, ಇಲ್ಲ.
ಆಮೇಲೆ ಸದ್ದು,
ಎದೆಗೂಡಿನೊಳಗೇ ಯಾರೋ ತಗಡು ಹರಿದ ಹಾಗೆ.

"ಹೊಗೆ!" ಅಂದಳು ಅಕ್ಕನ ಮಗಳು ಪ್ರಣತಿ,
"ಬೆಂಕಿ ಬಿತ್ತಾ ಮಾಮ?"
ಇಪ್ಪತ್ತಾರು ವರ್ಷ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ
ಗಾಜಿನ ಕೊಳವೆ ಒರೆಸಿದವನು ನಾನು.
ಬಾಯಿ ತೆರೆದೆ. ಸೂತ್ರ ಬಂತು, ಮಾತು ಬರಲಿಲ್ಲ.

ಖಲಂದರ್ ನಕ್ಕ. "ಇಲ್ನೋಡು ಪಾಪ" ಎಂದು
ಗೋಲಿಯ ಮೇಲೆ ಹೆಬ್ಬೆರಳಿಟ್ಟು ಗುದ್ದಿದ.
ಟಪ್.
ಬಾಟಲಿಯ ಕತ್ತಿನಲ್ಲಿ ಒಂದೆಳೆ ಮಂಜು
ಎದ್ದು, ನಿಂತು, ಹೇಳದೆ ಕೇಳದೆ ಹೋಯಿತು.
"ಒಳಗೇನು ಒಲೆ ಐತಾ? ಮುಟ್ಟಿ ನೋಡು, ತಣ್ಣಗೈತೆ."

ಅಷ್ಟೇ ಕಣೇ, ಎಂದೆ, ಮಾತು ಸಿಕ್ಕಿ.
ಇರುಕಿನಲ್ಲಿದ್ದ ಗಾಳಿಗೆ ದಿಢೀರನೆ ಜಾಗ ಸಿಕ್ಕರೆ
ಮೈ ಚಾಚುತ್ತದೆ; ಚಾಚಿದ್ದಕ್ಕೆ ತನ್ನ ಕಾವನ್ನೇ ತೆರುತ್ತದೆ.
ಕಾವು ಇಳಿದ ಗಾಳಿ
ಹೊತ್ತ ನೀರನ್ನು ಬಚ್ಚಿಡಲಾರದು.
ರೆಕ್ಕೆಯ ಮೇಲೆ ಒತ್ತಡ ಕುಸಿದಲ್ಲಿ ಮೋಡ,
ಹಿಂದೆ ಅದು ಮರಳಿದಲ್ಲಿ ಮತ್ತೆ ಬರಿಗಾಳಿ.
ವಿಮಾನದ್ದಲ್ಲ ಆ ನೀರು. ಇಲ್ಲಿಯದೇ.
ಪುಟ್ಟೇನಹಳ್ಳಿ ಕೆರೆಯದು, ಎದುರು ತಾರಸಿಯ ಒದ್ದೆ ಲುಂಗಿಯದು,
ಇಡ್ಲಿ ಗಾಡಿಯವಳು ಮುಚ್ಚಳ ಎತ್ತಿದಾಗಿನದು,
ನೀನೀಗ "ಹೊಗೆ" ಅಂದೆಯಲ್ಲ, ಆ ಉಸಿರಿನದು.

ಅವಳು ಬಾಟಲಿಗೆ ಕಣ್ಣಿಟ್ಟು ಗೋಲಿ ಕುಲುಕುತ್ತಿದ್ದಳು,
ಅರ್ಧ ಕೇಳಿಸಿಕೊಂಡಳೋ ಏನೋ.
"ಹಾಗಾದ್ರೆ ಆ ಮೋಡ ವಿಮಾನದ ಜೊತೆ ಹೋಗಲ್ವಾ?"
ಇಲ್ಲ. ಗಳಿಗೆಗೊಂದು ಹೊಸ ಗಾಳಿ, ಹೊಸ ಹನಿ.
ಆಕಾರ ಮಾತ್ರ ಅದೇ.

ಖಾಲಿ ಬಾಟಲಿಗಳನ್ನು ಕ್ರೇಟಿಗೆ ಇಳಿಸುತ್ತ
ಖಲಂದರ್ ನನಗಷ್ಟೇ ಕೇಳುವಂತೆ ಅಂದ:
"ಹೋದ ರಂಜಾನ್‌ಗೆ ಮುಂಚೆ, ಬೌರಿಂಗ್ ಆಸ್ಪತ್ರೆ, ಹನ್ನೊಂದು ದಿನ ಸಾ.
ನಮ್ಮ ಜುಬೇದಾ ಐಸಿಯುನಲ್ಲಿ.
ರಕ್ತ ತಂದೆ, ಸಾಲ ತಂದೆ, ಬೆಂಚ್ ಮೇಲೆ ಮಲಗಿದೆ,
ಕಣ್ಣು ಮಾತ್ರ ಒಣಗಿದ ಬಾವಿ.
ಹನ್ನೆರಡನೇ ದಿನ ನರ್ಸಮ್ಮ ಬಂದು
'ಇನ್ನೇನ್ ಭಯ ಇಲ್ಲ, ಮನೆಗೆ ಕರ್ಕೊಂಡ್ ಹೋಗಿ' ಅಂದ್ರು ನೋಡಿ,
ಆವಾಗ."

ಆವಾಗ ಏನು ಎಂದು ಅವನು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಎರಡನೆಯ ವಿಮಾನ ಬರುವಷ್ಟರಲ್ಲಿ ಬಿಸಿಲೇರಿತ್ತು,
ಗಾಳಿ ಒಣಗಿತ್ತು.
ಅದೇ ವೇಗ, ಅದೇ ತಿರುವು, ರೆಕ್ಕೆ ಬರಿದು.
ಪ್ರಣತಿ ಇನ್ನೊಂದು ಸೋಡಾ ಕೇಳಿದಳು,
ಕುಡಿಯಲಿಕ್ಕಲ್ಲ.