ಎರಡೂವರೆ ಅಡಿ

ಮಡಿಕೇರಿ, ಕೋಟೆ ಕೆಳಗಿನ ತಿರುವು.
ಒಂಬತ್ತು ಹೊಡೆದರೂ ಮಂಜು
ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡನ್ನು
ಓದಲು ಬಿಟ್ಟಿಲ್ಲ.
ನನ್ನ ಕೈಯಲ್ಲಿ ಟೇಪು, ಕಂಕುಳಲ್ಲಿ ರಟ್ಟು.
ಟೇಪಿನ ಆ ತುದಿ ಹಿಡಿಯಲು ಜವಾನ ಬೆಳ್ಯಪ್ಪ,
ನಿವೃತ್ತಿಗೆ ಇನ್ನು ಹನ್ನೊಂದು ದಿನ.

ಹಳೆಯ ಕಟ್ಟಡಗಳ ಪಟ್ಟಿಯಾಗಬೇಕಂತೆ.
ಕಾಲಂ ಒಂದು, ಹೆಸರು. ಕಾಲಂ ಎರಡು, ಕಟ್ಟಿದವರು.
ಎರಡಕ್ಕೆ ಫೈಲಿನಲ್ಲಿ ಸಿಕ್ಕವನು ಒಬ್ಬ ದೊರೆ.
ಒಬ್ಬನೇ ಹೊತ್ತನೇನೋ ಇಷ್ಟೂ ಕಲ್ಲು!

ಆದರೂ ಸುಳ್ಳು ಹೇಳಲಾರೆ, ಚೆಂದವಿದೆ.
ಜಗಲಿಗೆ ಬೀಡುಕಬ್ಬಿಣದ ಕಂಬ,
ಬುಡದಲ್ಲಿ ಉಬ್ಬಿದ ಅಕ್ಷರ, ಯಾವುದೋ ದೂರದ ಕುಲುಮೆ.
ಹಡಗಿಳಿದು ಎತ್ತಿನ ಗಾಡಿಯೇರಿ
ಪೆರುಂಬಾಡಿ ಘಾಟಿ ಹತ್ತಿ ಬಂದದ್ದು.
ಸೂರಿನಂಚಿಗೆ ಮರದ ಜಾಲರಿ,
ಮದುವೆಗೆ ಹೊರಟ ಲಂಗದ ಲೇಸಿನ ಹಾಗೆ.
ಕಮಾನು ಕಿಟಕಿಯ ನೆತ್ತಿಗೆ ಕೆಂಪು ನೀಲಿ ಗಾಜು,
ಒಂದು ಒಡೆದಲ್ಲಿ ಕ್ಯಾಲೆಂಡರಿನ ರಟ್ಟು.
ಮಧ್ಯಾಹ್ನ ಬಿಸಿಲು ಬಿದ್ದರೆ, ಬೆಳ್ಯಪ್ಪ ಹೇಳುತ್ತಾನೆ,
ಸಾಲದ ಪತ್ರಕ್ಕೂ ಬಣ್ಣ ಬರುತ್ತದೆ.

ಇದು ಕ್ಲಬ್ಬಾಗಿತ್ತು. ಕಾಫಿ ತೋಟದ ದೊರೆಗಳು
ಶನಿವಾರ ಕುದುರೆಯೇರಿ ಬಂದು
ಬಿಟ್ಟುಬಂದ ಊರಿನ ಚಳಿ ನೆನೆಯುತ್ತ
ಈ ಊರಿನ ಚಳಿಗೆ ಬೆಂಕಿ ಹಾಕುತ್ತಿದ್ದರು.
ಅಗ್ಗಿಷ್ಟಿಕೆ ಈಗಲೂ ಇದೆ. ಅದರ ಹೊಟ್ಟೆಯಲ್ಲಿ
ಎಪ್ಪತ್ತೆರಡನೇ ಇಸವಿಯ ದಸ್ತಾವೇಜಿನ ಕಟ್ಟು,
ಹೆಗ್ಗಣ ಓದಿ ಮುಗಿಸಿದ್ದು.

ಮುಂಬಾಗಿಲಿಗೆ ಏಳು ಮೆಟ್ಟಿಲು, ನಡು ಸವೆದಿಲ್ಲ.
ಹಿಂಬಾಗಿಲಿಗೆ ಮೂರೇ, ಬಟ್ಟಲಿನಂತೆ ತಗ್ಗಾಗಿವೆ.
ನಿನ್ನೆಯ ಮಳೆ ಇನ್ನೂ ಅಲ್ಲೇ ಕೂತಿದೆ.
‘ನಮ್ಮ ಅಜ್ಜನಿಗೆ ಕೋವಿ ಇತ್ತು, ಪೀಚೆಕತ್ತಿ ಇತ್ತು,
ಜಮ್ಮಾ ಗದ್ದೆ ಇತ್ತು. ಈ ಏಳು ಮೆಟ್ಟಿಲು ಇರಲಿಲ್ಲ.
ನಿಮ್ಮವರು?’

ನಮ್ಮವರು ಸುಣ್ಣ ಅರೆದವರು,
ಘಾಟಿ ಕೆಳಗಿಂದ ಕೂಲಿಗೆ ಬಂದವರು.
ಗಾರೆಗೆ ತಂದ ಬೆಲ್ಲವನ್ನು
ಮಕ್ಕಳು ಕದ್ದು ತಿಂದಾರೆಂದು
ಮೇಸ್ತ್ರಿ ಮೊದಲೇ ಅದಕ್ಕೆ ಸುಣ್ಣ ಕಲಸಿಡುತ್ತಿದ್ದನಂತೆ.
ಮುತ್ತಜ್ಜಿಯ ನಾಲಿಗೆಗೆ ಅದು ಗೊತ್ತಿತ್ತು.
ನಾನು ಗೋಡೆಗೆ ಅಂಗೈಯಿಟ್ಟೆ. ನುಣುಪು,
ಮೊಟ್ಟೆಯ ಚಿಪ್ಪಿನಂಥ ನುಣುಪು.
ಹೆಮ್ಮೆಯೋ ಸಿಟ್ಟೋ, ಕಾಲಂ ಇರಲಿಲ್ಲ.

ಹೊರ ಅಳತೆ ಅರವತ್ತೆಂಟು ಅಡಿ.
ಒಳಗೆ ಕೋಣೆ, ಗೋಡೆ ಎಲ್ಲ ಕೂಡಿ
ಅರವತ್ತೈದೂವರೆ.
ಮತ್ತೆ ಅಳೆದೆವು, ಮೊಣಕಾಲೂರಿ, ಕುರ್ಚಿ ಹತ್ತಿ.
ಎರಡೂವರೆ ಅಡಿ ಎಲ್ಲೂ ಇಲ್ಲ.

ಬೆಳ್ಯಪ್ಪ ಹಳೆಯ ಊಟದ ಕೋಣೆಯ ಗೋಡೆಗೆ
ಗೆಣ್ಣಿನಿಂದ ಬಡಿದ, ಹಲಸು ನೋಡುವ ಹಾಗೆ.
ಟೊಳ್ಳು.

ಓಣಿ. ಅಡುಗೆಮನೆಯಿಂದ ಊಟದ ಕೋಣೆಗೆ.
ತಟ್ಟೆ ಬಿಸಿಯಾಗಿ ಬರಬೇಕು,
ತಂದ ಕೈ ಕಾಣಬಾರದು.
ಎದುರು ಯಾರಾದರೂ ಬಂದರೆ
ಬೆನ್ನು ಗೋಡೆಗೊತ್ತಿ ಉಸಿರು ಹಿಡಿಯುವಷ್ಟೇ ಅಗಲ.
ಯಾವಾಗಲೋ ಎರಡೂ ಬಾಯಿಗೆ ಇಟ್ಟಿಗೆ ತುಂಬಿದ್ದಾರೆ.
ಒಡೆದು ನೋಡೋಣವೆಂದರೆ
ಪಟ್ಟಿಗೆ ಸೇರಿದ ಕಟ್ಟಡ, ಮೊಳೆ ಹೊಡೆಯುವಂತಿಲ್ಲ.

ಅಷ್ಟರಲ್ಲಿ ಕೂಗಿದರು: ಟೋಕನ್ ನಲವತ್ತೊಂದು, ಚೋಮಿ!
ಹಾಡಿಯ ಹೆಂಗಸು, ಮೂರು ಸೆಂಟು ನಿವೇಶನ,
ಹೆಬ್ಬೆಟ್ಟಿಗೆ ಆಗಲೇ ಮಸಿ.
ಬಂದದ್ದು ಹಿಂಬಾಗಿಲಿಂದಲೇ.
ಯಾಕಮ್ಮ ಎಂದರೆ, ಬಸ್ ಸ್ಟ್ಯಾಂಡಿಗೆ ಅದೇ ಹತ್ತಿರವಂತೆ.

ಷರಾದಲ್ಲಿ ಬರೆದೆ: ಅಳತೆ ತಾಳೆಯಾಗುತ್ತಿಲ್ಲ.
ಮೇಲಿನವರು ತಿದ್ದಿಯಾರು.
ನಕ್ಷೆಯಲ್ಲಿ ಅಷ್ಟು ಜಾಗಕ್ಕೆ
ಪೆನ್ಸಿಲು ತಾಗಿಸಲಿಲ್ಲ.
‘ಆಯಿತಾ?’ ಎಂದ ಬೆಳ್ಯಪ್ಪ, ತನ್ನ ತುದಿ ಬಿಟ್ಟ.
ಟೇಪು ಕತ್ತಲ ಕೋಣೆ ದಾಟಿ, ನೆಲ ತಡವುತ್ತ,
ಸರ್ರನೆ ನನ್ನ ಕೈಗೆ ಓಡಿಬಂತು.