ಕಾಲಿಗೆ ಬಂಗಾರ

ಹುಪರಿಯಲ್ಲಿ ಬಾಗಿಲು ತೆರೆದರೆ ಬೆಳ್ಳಿಯ ಸದ್ದು.
ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು
ಗೆಜ್ಜೆಗೆ ಕೊಂಡಿ ಹಾಕುತ್ತಾರೆ,
ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ.

ನೇಮಗೊಂಡ ಕಾಕಾನ ಭಟ್ಟಿಯಲ್ಲಿ
ಯಾರೂ ಚಪ್ಪಲಿ ಮೆಟ್ಟುವುದಿಲ್ಲ.
ಮಡಿಯೆಂದಲ್ಲ, ಅಟ್ಟೆಗೆ ಹತ್ತಿದ ಬೆಳ್ಳಿಯ ಧೂಳು
ಬೀದಿಪಾಲಾಗಬಾರದೆಂದು.
ಸಂಜೆ ಗುಡಿಸಿದ ಕಸವನ್ನೂ ತೂಗಿ ಮಾರುತ್ತಾರೆ.

ಮೂಸೆಯ ಬಣ್ಣ ನೋಡಿಯೇ ಕಾಕಾ ಹದ ಹೇಳುವನು:
"ಇನ್ನೂ ಹಸಿ."
"ಈಗ ನೋಡು, ಕನ್ನಡಿ ಆತು, ಸುರುವು."
ನಲವತ್ತು ವರ್ಷ ಥರ್ಮಾಮೀಟರು ಕೇಳದ ಕಣ್ಣು.
ಹೋದ ಮಾಘದಲ್ಲಿ ಒಂದು ಹನಿ ಬೆಳ್ಳಿ
ಹೆಬ್ಬೆರಳ ಮೇಲೆ ಬಿದ್ದು, ಅಲ್ಲೇ ಕೂತು, ತಣ್ಣಗಾಯಿತು.
ಅವನಿಗದು ಗೊತ್ತಾದದ್ದು ವಾಸನೆಯಿಂದ.

ಸಕ್ಕರೆ ಕಾಯಿಲೆ, ಹನ್ನೆರಡು ವರ್ಷ.
ಊರೂರ ಕಾಲಿಗೆ ದನಿ ಕೊಟ್ಟವನ ಕಾಲು ಮೂಕಾಯಿತು
ಎಂದು ನಾನು ಬರೆಯಬಹುದು. ಕಾಕಾ ಅನ್ನುವುದು ಬೇರೆ:
"ನಿದ್ದಿ ಮಾಡಾಕತ್ತೈತಿ, ಎಬ್ಬಸಬ್ಯಾಡ."

ನಾನು ಕೊಲ್ಹಾಪುರದ ಪ್ರಯೋಗಶಾಲೆಯಲ್ಲಿ
ಬಂಗಾರ ಕುದಿಸುವವಳು.
ಕರಗಿಸಲಿಕ್ಕಲ್ಲ, ನೀರಿನಲ್ಲಿ ಕಣಕಣವಾಗಿ ಹುಟ್ಟಿಸಲಿಕ್ಕೆ.
ನಿಂಬೆಹುಳಿಯ ಉಪ್ಪು ಬಿದ್ದೊಡನೆ ಹಳದಿ ನೀರು
ಬಣ್ಣಗೆಟ್ಟು, ಮಸಿಯಾಗಿ, ಆಮೇಲೆ
ದಾಳಿಂಬೆ ರಸ.
ಮೊದಲ ಸಲ ಕಂಡಾಗ ಸ್ಟೂಲಿನಿಂದ ಎದ್ದು ನಿಂತಿದ್ದೆ.

ಹಳದಿ ಬಂಗಾರದ ಗುಂಪಿನ ಗುಣ.
ಅಷ್ಟು ಚಿಕ್ಕದಾದಾಗ ಒಳಗಿನ ಎಲೆಕ್ಟ್ರಾನುಗಳು
ಬೆಳಕು ತಾಗಿದರೆ ಕೊಡದ ನೀರಿನಂತೆ ತುಳುಕುತ್ತವೆ,
ತುಳುಕಿಗೆ ಹೊಂದಿದ ಬಣ್ಣವನ್ನು ನುಂಗಿ
ಉಳಿದದ್ದನ್ನು ನಮಗೆ ಬಿಡುತ್ತವೆ.
ಕಣಗಳು ದೂರ ದೂರ ಇದ್ದರೆ ಕೆಂಪು,
ಒತ್ತೊತ್ತಾಗಿ ಕೂತರೆ ನೀಲಿ.
ಅಂತರವೇ ಬಣ್ಣ.
ನನ್ನ ಮದುವೆಯ ಮಾತೆತ್ತಿದವರು ಯಾರೂ ಇದನ್ನು ಹೇಳಿರಲಿಲ್ಲ.

ಹಾಳೆ ಎರಡು ಮಾಡಿದೆ.
ಒಂದರಲ್ಲಿ ಕಣಗಳ ಸರ. ತುಳಿದರೆ ಸರ ಹರಿದು
ನೀಲಿ ಕೆಂಪಿಗೆ ತಿರುಗುತ್ತದೆ,
ಭಾರ ಇಳಿದ ಮೇಲೂ ನೆನಪಿಡುತ್ತದೆ.
ಇನ್ನೊಂದರದು ಬಿಸಿಗೆ ಮುದುಡುವ ಅಂಟು.
ಕಣಗಳು ಹತ್ತಿರ ಸರಿದು ಕೆಂಪು ನೀಲಿಯಾಗುತ್ತದೆ,
ತಣಿದರೆ ಮರೆಯುತ್ತದೆ.
ಎರಡನ್ನೂ ಒಂದರಲ್ಲೇ ಸೇರಿಸಹೋಗಿ ಆರು ತಿಂಗಳು ಕೆಟ್ಟೆ:
ಒತ್ತಡ ಅಗಲಿಸಿದ್ದನ್ನು ಬಿಸಿ ಕೂಡಿಸಿ
ಉತ್ತರ ಸೊನ್ನೆ.

ರವಿವಾರ. ಕಾಕಾ ಹಾಳೆಯ ಮುಂದೆ ಕಾಲೆತ್ತಿದ, ಇಡಲಿಲ್ಲ.
"ಏನೈತಿ ಇದರಾಗ?"
"ಬಂಗಾರ."
"ಬಂಗಾರ ತುಳಿ ಅಂತೀಯೇನ ಹುಡುಗಿ?
ಅದು ಕಾಲಿಗೆ ಸಲ್ಲಂಗಿಲ್ಲಂತನಽ
ಹಿರೇರು ಕಾಲಿಗೆ ಬೆಳ್ಳಿ ಇಟ್ಟದ್ದು.
ಅದಕ್ಕಽ ಈ ಊರು ಉಂಡದ್ದು."
ಸ್ವಲ್ಪ ತಡೆದು, "ತೂಕ ಎಷ್ಟು?"
"ಒಂದು ಗುಲಗಂಜಿಯ ನೂರನೇ ಪಾಲು."
ನಕ್ಕುಬಿಟ್ಟ. "ಹಂಗಾದರ ಅದು ಬಂಗಾರಲ್ಲ,
ಬಂಗಾರದ ಸುದ್ದಿ."
ಹಾಳೆ ಮುಟ್ಟಿ ಕಣ್ಣಿಗೊತ್ತಿಕೊಂಡು, ತುಳಿದ.

ಹಿಮ್ಮಡಿಗೆ ತಿಳಿ ನೇರಳೆ.
ಸುಟ್ಟ ಹೆಬ್ಬೆರಳಿಗೆ ಏನೂ ಇಲ್ಲ.
ಯಾರೂ ನೋಡದ ಕಿರುಬೆರಳಿನ ಬುಡದಲ್ಲಿ
ಗುಲಗಂಜಿಯಷ್ಟೇ ಕೆಂಪು.
ಎರಡನೇ ಹಾಳೆಯಲ್ಲಿ ಎಡಗಾಲು ಪೂರ್ತಿ ಕೆಂಪಾಗಿಯೇ ಇತ್ತು,
ಬಲಗಾಲಿನ ಅದೇ ಜಾಗದಲ್ಲಿ ನೀಲಿ ಚುಕ್ಕೆ,
ಎರಡು ಡಿಗ್ರಿ ಹೆಚ್ಚು.
ಚರ್ಮದ ಕೆಳಗೆ ಏನೋ ಒಲೆ ಹೂಡುತ್ತಿತ್ತು.
"ಅಲ್ಲಿ ನೋವೈತೇನು?"
"ಇಲ್ಲ."
"ಅದಽ ರೋಗ, ಕಾಕಾ."

ಮೂಸೆ ನೋಡುವ ಕಣ್ಣಿನಲ್ಲೇ ಅವನು
ಮಾಸುವ ನೀಲಿಯನ್ನು ನೋಡಿದ, ತಲೆ ಓರೆ ಮಾಡಿ.
ಚಪ್ಪಲಿ ಮೆಟ್ಟಲು ಒಪ್ಪಿದ, ಕರಾರಿನ ಮೇಲೆ:
ಅವು ಭಟ್ಟಿಯ ಹೊಸ್ತಿಲು ದಾಟಬಾರದು,
ಶನಿವಾರಕ್ಕೊಮ್ಮೆ ಅಟ್ಟೆ ತೊಳೆದ ನೀರು ಕಸದವನಿಗೆ.
ಆಮೇಲೆ ಕೇಳಿದ:
"ಈ ಹಾಳಿ ಹಳೇದಾದ ಮ್ಯಾಲ
ಬಂಗಾರ ತಿರುಗಿ ತೆಗೀತೀರಲ್ಲಾ?"

ಪ್ರಯೋಗಶಾಲೆಯ ಸಿಂಕು ಕಣ್ಣ ಮುಂದೆ ಬಂತು,
ದಿನಾ ಸಂಜೆ ಅದರಲ್ಲಿ ಇಳಿದುಹೋಗುವ ದಾಳಿಂಬೆ ರಸ.
ನಾನು ಬಗ್ಗಿ, ಟೇಪು ಬಿಚ್ಚಿ,
ಅವನ ಪಾದದ ಅಳತೆ ತೆಗೆಯತೊಡಗಿದೆ.