ದುಧನಿ ಪೋಸ್ಟಿನಲ್ಲಿ ಒಂದು ಕ್ರಿಯಾಪದ

ಮೊದಲ ದಿನವೇ ಇರಣ್ಣ ಹತ್ತೂರೆ ಮಾಸ್ತರರು
ಮರದ ಹಿಡಿಯ ಮುದ್ರೆ ಕೈಗಿಟ್ಟು ಅಂದರು:
'ತಗೋ, ಇವಷ್ಟೂ ಕ್ಯಾನ್ಸಲ್ ಮಾಡು.'

ನನ್ನ ಕೈ ನಿಂತಿತು.
ನಾನು ಕಂಡ ಕ್ಯಾನ್ಸಲ್ ಬೇರೆ.
ವಾಡಿ ಪ್ಯಾಸೆಂಜರ್ ಕ್ಯಾನ್ಸಲ್ ಅಂದರೆ
ಪ್ಲಾಟ್‌ಫಾರ್ಮಿನ ಮೇಲೇ ಬುತ್ತಿ ಬಿಚ್ಚುವುದು.
ಅಕ್ಕನ ಲಗ್ನ ಕ್ಯಾನ್ಸಲ್ ಅಂದರೆ
ಅರಿಷಿಣ ಹಚ್ಚಿದ ಇನ್ನೂರು ಪತ್ರಿಕೆ
ಒಲೆಗೆ ಹಾಕಿ ಸ್ನಾನಕ್ಕೆ ನೀರು ಕಾಸಿದ್ದು.
ಸಾಲಿಯಲ್ಲಿ, ಮೇಲಿನ ಎಂಟು ಕೆಳಗಿನ ಎಂಟು
ಹೊಡೆದಾಡಿ ಸತ್ತು ಒಂದು ಉಳಿಯುವುದು.

ಈ ಕಾಗದಗಳು ಏನು ತಪ್ಪು ಮಾಡಿದ್ದವು?
ಒಂದರ ಮೇಲೆ ವಿಳಾಸವೆಲ್ಲ ಕನ್ನಡ,
ಊರ ಹೆಸರು ಮಾತ್ರ ಮಗ್ಗುಲಲ್ಲಿ ಮರಾಠಿಯಲ್ಲೂ,
ದಾರಿ ತಪ್ಪದಿರಲೆಂದು.

ಮಾಸ್ತರರಿಗೆ ಡಿಕ್ಷನರಿಯ ಚಟ.
ಚಹಾ ಬಸಿಗೆ ಬಗ್ಗಿಸುತ್ತ ಶುರುಮಾಡಿದರು:
'ರದ್ದು ಅನ್ನೂದು ಅರಬ್ಬಿ ಕಡೀದು,
ಹೊಳ್ಳಿ ಕಳಿಸೂದು ಅಂತ ಅರ್ಥ.
ಅದರ ಮಗಳು ರದ್ದಿ, ಕಿಲೋ ಲೆಕ್ಕದಾಗ ಹೋಗ್ತಾಳ.
ಇದರ ಮನಿತನ ಬ್ಯಾರೆ.
ಲ್ಯಾಟಿನ್‌ದಾಗ ಇದು ಜಾಲಂದ್ರ.
ಆವಾಗ ತೊಗಲಿನ ಮ್ಯಾಲೆ ಬರೀತಿದ್ರು, ಕೆರೆಯೂದು ತ್ರಾಸು.
ತಪ್ಪಿದ ಸಾಲಿನ ಮ್ಯಾಲೆ ಅಡ್ಡ ಗೀಟು, ಓರೆ ಗೀಟು
ಹೊಡದು ಬಿಟ್ಟುಬಿಡ್ತಿದ್ರು.
ಅಕ್ಷರ ಎಲ್ಲೂ ಹೋಗಾಂಗಿಲ್ಲ,
ಖಿಡಕಿ ಹಿಂದ ಕುಂತಿರ್ತಾವ. ನಾವು ಕುಂತಂಗ.'
ಕೌಂಟರಿನ ಕಂಬಿಗೆ ಚಮಚ ತಾಗಿಸಿ ಸದ್ದು ಮಾಡಿದರು.

ಅಂಥದೇ ಕಂಬಿಯ ಪಕ್ಕ ಬಾಗಿಲು ಕಾಯುತ್ತಿದ್ದವನು
ಮುಂದೆ ಹೆಸರಿಗೆ ಮೆರುಗು ಬಂದು ಚಾನ್ಸಲರ್ ಆದನಂತೆ.
ಮಾಸ್ತರರ ಪ್ರಮೋಷನ್ ಮಾತ್ರ
ಹದಿನಾಲ್ಕು ವರ್ಷದಿಂದ ಸೊಲ್ಲಾಪುರ ಬಿಟ್ಟಿರಲಿಲ್ಲ.

ಠಪ್.
ಮುದ್ರೆ ಬಿದ್ದ ಮೇಲೆಯೇ ಕಾಗದಕ್ಕೆ ಕಾಲು.
ಠಪ್.

ಮೂರರ ಹೊತ್ತಿಗೆ ಬೋರೋಟಿಯ ರುದ್ರವ್ವ ಬಂದಳು,
ಇಬ್ಬರ ಹೆಸರಿನ ಪಾಸ್‌ಬುಕ್ಕು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮರಣ ಪತ್ರ.
ಒಂದು ಹೆಸರು ಕ್ಯಾನ್ಸಲ್ ಆಗಬೇಕಿತ್ತು.
ಸ್ಕೇಲು ಹುಡುಕಿದೆ, ಕೆಂಪು ಪೆನ್ನು ಹುಡುಕಿದೆ,
ಇನ್ನೂ ಏನೋ ಹುಡುಕಿದೆ.
ಆಕೆ ಕಂಬಿಗೆ ಹಣೆ ಹಚ್ಚಿ ಕೇಳಿದಳು:
'ಗೀಟು ಹೊಡದ ಮ್ಯಾಲೂ ಓದಾಕ ಬರ್ತದೇನ್ರಿ?'
'ಬರ್ತದ.'
'ನನಗ ಬರಾಂಗಿಲ್ಲ. ಓದಾವ್ರಿಗಿ?'
'ಓದಾವ್ರಿಗಿ ಬರ್ತದ.'
'ಹಂಗಾರ ಹೊಡೀರಿ.'

ಗುರುಪಾದ, ಮರಾಠಿಯಲ್ಲಿ.
ಅದರ ತಲೆಯ ಮೇಲೆ ಮೊದಲೇ ಒಂದು ಗೀಟಿತ್ತು.
ಕೆಳಗೆ ನಾನು ಎರಡು ಕೂಡಿಸಿದೆ,
ಒಂದು ತುಸು ಸೊಟ್ಟ.

ಸೆರಗಿನ ತುದಿಯಿಂದ ಮಸಿ ಒತ್ತಿ ಒಣಗಿಸುತ್ತ
ರುದ್ರವ್ವ ಗಡಿಯಾರ ನೋಡಿ ಕೇಳಿದಳು:
ಐದರ ಗಾಡಿ ಐತೋ,
ಇವತ್ತೂ ಕ್ಯಾನ್ಸಲ್ಲೋ?